ಸ್ಟಾರ್ಟ್ ಮಾಡಿದೆ, ಸ್ಟಾರ್ಟ್ ಆಗಲಿಲ್ಲ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಯಾವ ಶೆಡ್ಡಿಗೆ ಹೋದರೂ ಬೆಳಿಗ್ಗೆ ಕಿವಿಗೆ ಬೀಳುವ ಮಾತು ‘ಸ್ಟಾರ್ಟ್’. ಲೇತ್ ಸ್ಟಾರ್ಟ್ ಮಾಡು, ಕಂಪ್ರೆಸರ್ ಸ್ಟಾರ್ಟ್ ಆಯ್ತಾ ನೋಡು. ಗೋಡೆ ಮೇಲಿನ ಡಬ್ಬದ ಹೆಸರೂ ಸ್ಟಾರ್ಟರ್. ಇಂಡಕ್ಷನ್ ಮೋಟರಿಗೆ ಒಮ್ಮೆಲೇ ಪೂರ್ತಿ ವೋಲ್ಟೇಜ್ ಕೊಟ್ಟರೆ ಅದು ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಸ್ಟಾರ್-ಡೆಲ್ಟಾ ಸ್ಟಾರ್ಟರ್ ಆ ಎಳೆತವನ್ನು ಮೂರನೇ ಒಂದಕ್ಕೆ ಇಳಿಸುತ್ತದೆ. ಹಳೆಯ ಇಂಗ್ಲಿಷಿನಲ್ಲಿ ‘ಸ್ಟಾರ್ಟ್’ ಪದದ ಮೂಲಾರ್ಥ ‘ಜಿಗಿ’. ‘ಆರಂಭಿಸು’ ಎಂಬ ಅರ್ಥ ಬಂದದ್ದು ಶತಮಾನಗಳ ನಂತರ. ಪೀಣ್ಯದ ಸ್ಟಾರ್ಟರ್ ಇರುವುದೇ ಮೋಟರು ಜಿಗಿಯದಂತೆ ನೋಡಿಕೊಳ್ಳಲು!

ಇಂಗ್ಲಿಷಿನವರು ಒಂದೇ ಕ್ರಿಯಾಪದದಲ್ಲಿ ಮುಗಿಸುವುದನ್ನು ನಾವು ಎರಡು ಮಾಡಿಕೊಂಡೆವು. “ಸ್ಟಾರ್ಟ್ ಮಾಡ್ದೆ ಸಾರ್, ಸ್ಟಾರ್ಟ್ ಆಗ್ಲಿಲ್ಲ” ಎನ್ನುತ್ತಾನೆ ಆಪರೇಟರ್. ‘ಮಾಡು’ ಅವನ ಪ್ರಯತ್ನ, ‘ಆಗು’ ಯಂತ್ರದ ಮರ್ಜಿ. ತಪ್ಪು ಯಾರದೆಂದು ವ್ಯಾಕರಣವೇ ಹೇಳಿಬಿಡುತ್ತದೆ. ಇಂಗ್ಲಿಷಿನಲ್ಲಿ ಇದನ್ನೇ ಹಾಗೆ ಹೇಳಿದರೆ ಒಗಟಾಗುತ್ತದೆ.

ಯಂತ್ರದಿಂದ ಪದ ಮನುಷ್ಯರ ಮೇಲೂ ಹತ್ತಿತು. ಬೆಳಿಗ್ಗೆ ಏಳಲು ತಿಣುಕುವವನಿಗೆ ‘ಸ್ಟಾರ್ಟಿಂಗ್ ಟ್ರಬಲ್’. ಹಳೇ ಪುರಾಣ ತೆಗೆಯುವವನನ್ನು ಕಂಡರೆ, “ಸ್ಟಾರ್ಟ್ ಆಯ್ತಪ್ಪಾ ಇವನದು”. ಹೋಟೆಲಿನಲ್ಲಿ ಗೋಬಿ ಮಂಚೂರಿಗೂ ಸ್ಟಾರ್ಟರ್ ಪಟ್ಟ.

ಆದರೂ ಎಲ್ಲವೂ ಸ್ಟಾರ್ಟ್ ಆಗುವುದಿಲ್ಲ. ಮಳೆ, ಜಗಳ, ಹೊಟ್ಟೆನೋವು ಬಹುಮಟ್ಟಿಗೆ ‘ಶುರು’ವಾಗುತ್ತವೆ, ಅದು ಅರಬ್ಬಿಯಿಂದ ಫಾರಸಿಯ ಮೂಲಕ ಬಂದ ನೆಂಟ. ಸಭೆಗಳು ‘ಆರಂಭ’ವಾಗುತ್ತವೆ, ಅದು ಸಂಸ್ಕೃತದ್ದು. ಹಳ್ಳಿಗಳಲ್ಲಿ ಆರಂಭವೆಂದರೆ ಬೇಸಾಯ, ಆರಂಭಗಾರನೆಂದರೆ ರೈತ. ಬೆಂಗಳೂರಿನ ಹೊರವಲಯದ ಅಂಥದೇ ಹಳ್ಳಿಗಳಾದ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ 1978ರಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಎಲೆಕ್ಟ್ರಾನಿಕ್ ಸಿಟಿ ಕಟ್ಟಲು ಹೊರಟಿತು. ಆರಂಭದ ಸೀಮೆಗೆ ಸ್ಟಾರ್ಟ್ ಕಾಲಿಟ್ಟದ್ದು ಹಾಗೆ.

2015ರಲ್ಲಿ ಕರ್ನಾಟಕ ಸ್ಟಾರ್ಟಪ್ ನೀತಿ ತಂದಿತು. ಈಗ ವೈಟ್‌ಫೀಲ್ಡಿನ ಚಹಾದಂಗಡಿಯಲ್ಲೂ “ಫ್ರೆಂಡ್ ಒಂದು ಸ್ಟಾರ್ಟಪ್ ಶುರು ಮಾಡಿದಾನೆ” ಎನ್ನುತ್ತಾರೆ. ಒಂದೇ ವಾಕ್ಯದಲ್ಲಿ ಎರಡು ಸಲ ಶುರುವಾದರೂ ಯಾರಿಗೂ ಅಡ್ಡಿಯಿಲ್ಲ. ಸ್ಟಾರ್ಟಪ್ಪಿನೊಳಗಿನ ಕ್ರಿಯೆ ಆರಿಹೋಗಿ ಅದು ಬರೀ ಕಂಪನಿಯ ಹೆಸರಾಗಿದೆ.

ಸ್ಟಾರ್ಟರಿಗೆ ಅಚ್ಚಗನ್ನಡದ ಹೆಸರು ಹುಡುಕಿ ಸುಸ್ತಾಗಬೇಕಿಲ್ಲ. ‘ಮಾಡು’ ಮತ್ತು ‘ಆಗು’ ನಮ್ಮ ಬಾಯಲ್ಲಿರುವ ತನಕ, ಮುಂದೆ ಎಂಥ ಪದ ಬಂದರೂ ಅದು ಕನ್ನಡದ ಕೈಕೆಳಗೇ ದುಡಿಯಬೇಕು.