ವಿಜಯಪುರ: ಗೋಲಗುಂಬಜ್‌ನಿಂದಾಚೆಗೆ ಒಂದು ನಗರ

ವಿಜಯಪುರದ ರೈಲು ನಿಲ್ದಾಣದಿಂದ ಹೊರಬಂದರೆ ಗೋಲಗುಂಬಜ್ ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಪ್ರವಾಸಿಗರಲ್ಲಿ ಬಹುಪಾಲು ಜನ ಅಲ್ಲಿಗೇ ಧಾವಿಸುತ್ತಾರೆ, ಏಳು ಅಂತಸ್ತಿನ ಮೆಟ್ಟಿಲೇರಿ ಗ್ಯಾಲರಿಯಲ್ಲಿ ಒಂದಿಷ್ಟು ಕೂಗಿ, ಪ್ರತಿಧ್ವನಿ ಎಣಿಸಿ, ಮಧ್ಯಾಹ್ನದ ಹೊತ್ತಿಗೆ ಬಾದಾಮಿಯತ್ತಲೋ ಸೊಲ್ಲಾಪುರದತ್ತಲೋ ಹೊರಟುಬಿಡುತ್ತಾರೆ. ಸುಮಾರು ಇನ್ನೂರು ವರ್ಷ ಆಳಿದ ಆದಿಲ್‌ಷಾಹಿ ಮನೆತನದ ಕಥೆಯಲ್ಲಿ ಅವರು ನೋಡಿದ್ದು ಕೊನೆಯ ಅಧ್ಯಾಯಗಳಲ್ಲೊಂದನ್ನು ಮಾತ್ರ. ನಗರದ ಪೂರ್ವ ತುದಿಯಲ್ಲಿರುವ ಈ ಗುಮ್ಮಟವನ್ನು ಕೊನೆಗಿಟ್ಟುಕೊಂಡು, ಪಶ್ಚಿಮದ ತೊರವಿಯಿಂದ ಆರಂಭಿಸಿದರೆ ಊರು ಬೇರೆಯೇ ಆಗಿ ಕಾಣುತ್ತದೆ.

ತೊರವಿ ಅಥವಾ ತೊರವೆ ಎಂಬ ಹೆಸರು ಕನ್ನಡ ಓದುಗರಿಗೆ ಹೊಸದೇನಲ್ಲ. 'ತೊರವೆ ರಾಮಾಯಣ'ವನ್ನು ರಚಿಸಿದ ಕುಮಾರವಾಲ್ಮೀಕಿಯ ಊರು ಇದು. ಆತನ ಆರಾಧ್ಯದೈವವಾದ ನರಸಿಂಹನ ಗುಡಿ ಇಂದಿಗೂ ಇಲ್ಲಿದೆ. ಇದೇ ನೆಲದ ಪಕ್ಕದಲ್ಲಿ 1599ರಲ್ಲಿ ಎರಡನೆಯ ಇಬ್ರಾಹಿಂ ಆದಿಲ್‌ಷಾ ನವರಸಪುರ ಎಂಬ ಹೊಸ ನಗರದ ನಿರ್ಮಾಣಕ್ಕೆ ಕೈಹಾಕಿದ. ಒಂಬತ್ತನೆಯ ವಯಸ್ಸಿನಲ್ಲಿ ಪಟ್ಟಕ್ಕೆ ಬಂದು 1580ರಿಂದ 1627ರವರೆಗೆ ಆಳಿದ ಈ ಸುಲ್ತಾನನಿಗೆ 'ನವರಸ' ಎಂಬ ಶಬ್ದದ ಮೇಲೆ ಅಪಾರ ಮೋಹ. ದಖನಿ ಭಾಷೆಯಲ್ಲಿ ಆತ ರಚಿಸಿದ ಗೀತೆಗಳ ಸಂಗ್ರಹಕ್ಕೆ 'ಕಿತಾಬ್-ಎ-ನೌರಸ್' ಎಂದೇ ಹೆಸರು. ಆ ಗೀತೆಗಳಲ್ಲಿ ಸರಸ್ವತಿ, ಗಣಪತಿಯರ ಸ್ತುತಿಯೂ ಕಲಬುರಗಿಯ ಸಂತ ಬಂದೇನವಾಜರ ಸ್ಮರಣೆಯೂ ಒಟ್ಟೊಟ್ಟಿಗೆ ಬರುತ್ತವೆ. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟು ಹಾಡುಗಳಲ್ಲಿ ಅದನ್ನು ಕೊಂಡಾಡಿದ ಅರಸನನ್ನು ಜನ 'ಜಗದ್ಗುರು ಬಾದಶಹ' ಎಂದು ಕರೆದರು.

ನವರಸಪುರ ಪೂರ್ಣಗೊಳ್ಳಲೇ ಇಲ್ಲ. 1624ರಲ್ಲಿ ಅಹಮದನಗರದ ಮಲಿಕ್ ಅಂಬರನ ಸೈನ್ಯ ಅದನ್ನು ಹಾಳುಗೆಡವಿತು. ಉಳಿದಿರುವುದರಲ್ಲಿ ಮುಖ್ಯವಾದುದು ಸಂಗೀತ ಮಹಲ್. ಮಾಡು ಕುಸಿದಿದೆ, ಎತ್ತರದ ಕಮಾನು ಮಾತ್ರ ನಿಂತಿದೆ. ಪ್ರವಾಸಿ ಬಸ್ಸುಗಳು ಸಾಮಾನ್ಯವಾಗಿ ಇತ್ತ ಸುಳಿಯುವುದಿಲ್ಲ. ಸುಳಿಯದಿರುವುದೇ ಒಳ್ಳೆಯದೇನೋ ಎನಿಸುವಷ್ಟು ಪ್ರಶಾಂತ ಸ್ಥಳ.

ನೆಲದಡಿಯ ನೀರು

ತೊರವಿಯಿಂದ ನಗರದತ್ತ ಬರುವಾಗ ನೆಲದ ಮೇಲೆ ಕಾಣದ ಒಂದು ಸ್ಮಾರಕವೂ ಜೊತೆಗೇ ಬರುತ್ತದೆ. ಮಳೆ ಕಡಿಮೆಯಾದ ಈ ಬಯಲಿನಲ್ಲಿ ದೊಡ್ಡ ರಾಜಧಾನಿಯೊಂದು ನಿಲ್ಲಬೇಕಾದರೆ ನೀರನ್ನು ಹೊರಗಿನಿಂದಲೇ ತರಬೇಕಿತ್ತು. ತೊರವಿಯ ಒರತೆಗಳ ನೀರನ್ನು ನೆಲದಡಿಯ ಸುರಂಗ ಕಾಲುವೆಗಳ ಮೂಲಕ ನಗರಕ್ಕೆ ಹರಿಸುವ 'ಕರೇಜ್' ಪದ್ಧತಿಯನ್ನು ಇರಾನಿನ ಮಾದರಿಯಲ್ಲಿ ಇಲ್ಲಿ ರೂಪಿಸಲಾಯಿತು. ಸುರಂಗದುದ್ದಕ್ಕೂ ಅಲ್ಲಲ್ಲಿ ಬಾವಿಯಂಥ ಗವಾಕ್ಷಿಗಳಿದ್ದವು. ನಗರದ ದಕ್ಷಿಣದಲ್ಲಿ ಮಹಮ್ಮದ್ ಆದಿಲ್‌ಷಾ 1651ರಲ್ಲಿ ಕಟ್ಟಿಸಿದ ಬೇಗಂ ತಲಾಬ್ ಕೆರೆಯಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಬರುತ್ತಿತ್ತು. ಕೊಳವೆಯ ಹಾದಿಯಲ್ಲಿ ಎದ್ದುನಿಂತ ಚೌಕಾಕಾರದ ಗೋಪುರಗಳಿಗೆ 'ಗಂಜ್' ಎಂದು ಹೆಸರು. ನೀರಿನ ಒತ್ತಡ ಕೊಳವೆಯನ್ನು ಒಡೆಯದಂತೆ ತಗ್ಗಿಸುವುದು, ಹೂಳು ತಳದಲ್ಲಿ ನಿಲ್ಲುವಂತೆ ಮಾಡುವುದು ಇವುಗಳ ಕೆಲಸ. ಇಂದು ಅಂಗಡಿ ಮನೆಗಳ ನಡುವೆ ಸಿಕ್ಕಿಕೊಂಡಿರುವ ಗಂಜ್‌ಗಳನ್ನು ಎಷ್ಟೋ ಮಂದಿ ಪಾಳುಬಿದ್ದ ಕಾವಲು ಗೋಪುರವೆಂದೇ ತಿಳಿಯುತ್ತಾರೆ.

ನೀರು ಬಂದು ಸೇರುತ್ತಿದ್ದುದು ಬಾವಡಿಗಳಿಗೆ. ಒಂದನೆಯ ಅಲಿ ಆದಿಲ್‌ಷಾ ತನ್ನ ಪತ್ನಿ ಚಾಂದಬೀಬಿಯ ಹೆಸರಿನಲ್ಲಿ ಚಾಂದ್ ಬಾವಡಿಯನ್ನು ಕಟ್ಟಿಸಿದ. ಮಕ್ಕಾ ದರವಾಜೆಯ ಬಳಿಯ ತಾಜ್ ಬಾವಡಿ 1620ರದು. ಇಬ್ರಾಹಿಂನ ರಾಣಿ ತಾಜ್ ಸುಲ್ತಾನಾಳ ಗೌರವಾರ್ಥ ನಿರ್ಮಾಣವಾದದ್ದು. ಹೆಬ್ಬಾಗಿಲಿನಂಥ ಭಾರಿ ಕಮಾನಿನಡಿ ಇಳಿಯುವ ಮೆಟ್ಟಿಲುಗಳು, ಎರಡೂ ಬದಿಗೆ ದಾರಿಹೋಕರ ತಂಗುದಾಣದ ಸಾಲು. ನಲ್ಲಿ ನೀರು ಬಂದ ಮೇಲೆ ಇದು ಕಸದ ಗುಂಡಿಯಾಯಿತು, ಗಣೇಶ ವಿಸರ್ಜನೆಯ ಹೊಂಡವೂ ಆಯಿತು. 2010ರ ದಶಕದ ಕೊನೆಯ ವರ್ಷಗಳಲ್ಲಿ ಹೂಳೆತ್ತಿದಾಗ ಬಾವಡಿಯ ಆಳ ಊರಿನವರಿಗೇ ಹೊಸದಾಗಿ ಕಂಡಿತು.

ಕುಶಲ ಕೈಯ ಕೆಲಸ

ತಾಜ್ ಬಾವಡಿಯಿಂದ ಇಬ್ರಾಹಿಂ ರೋಜಾ ಹತ್ತಿರದಲ್ಲೇ ಇದೆ. ವಿಜಯಪುರದಲ್ಲಿ ಒಂದೇ ಕಟ್ಟಡ ನೋಡಲು ಸಮಯವಿದ್ದರೆ ಅದು ಗೋಲಗುಂಬಜ್ ಅಲ್ಲ, ಇದು. ಒಂದೇ ಜಗಲಿಯ ಮೇಲೆ ಗೋರಿಯೂ ಮಸೀದಿಯೂ ಎದುರುಬದುರಾಗಿ ನಿಂತಿವೆ. ನಡುವೆ ಕಾರಂಜಿಯ ಕೊಳ. ಗೋರಿಯ ಹೊರಗೋಡೆಗಳಲ್ಲಿ ಅಕ್ಷರಗಳನ್ನೇ ಜಾಲಂದ್ರವಾಗಿ ಕೊರೆದ ಕಿಟಕಿಗಳಿವೆ. ಬೆಳಕು ಬರಹದ ಸಂದುಗಳಿಂದಲೇ ಒಳಗೆ ಇಳಿಯಬೇಕು. ಒಳಕೋಣೆಯ ಚಪ್ಪಟೆ ಚಾವಣಿಗೆ ನಡುವೆ ಕಂಬವಿಲ್ಲ, ತೊಲೆಯಿಲ್ಲ. ಗಾರೆಯ ಬಿಗಿತವನ್ನೇ ನಂಬಿ ಕಲ್ಲುಗಳು ನಾಲ್ಕು ಶತಮಾನಗಳಿಂದ ಹಾಗೆಯೇ ನಿಂತಿವೆ. ನಿರ್ಮಾತೃ ಮಲಿಕ್ ಸಂದಲ್‌ನ ಹೆಸರು ಶಾಸನದಲ್ಲಿ ಉಳಿದಿದೆ. ದಖ್ಖನಿನ ಎಷ್ಟೋ ಶಿಲ್ಪಿಗಳಿಗೆ ದೊರೆಯದ ಭಾಗ್ಯ. ರಾಣಿಗಾಗಿ ಉದ್ದೇಶಿಸಿದ್ದ ಈ ರೋಜಾದಲ್ಲಿ ಆಕೆಗಿಂತ ಮೊದಲು ಮಣ್ಣಾದವನು ಇಬ್ರಾಹಿಂನೇ.

ಅವನ ಆಸ್ಥಾನದ ಚಿತ್ರಕಲೆಯನ್ನು ನೋಡಬಯಸುವವರಿಗೆ ಮಾತ್ರ ನಿರಾಸೆ ಕಾದಿದೆ. ಪ್ರಸಿದ್ಧ 'ಯೋಗಿನಿ' ಚಿತ್ರ ಮತ್ತು 1570ರ 'ನುಜೂಮ್-ಉಲ್-ಉಲೂಮ್' ಹಸ್ತಪ್ರತಿ ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿವೆ. 'ಪೇಮ್ ನೇಮ್' ಕಾವ್ಯದ ಸಚಿತ್ರ ಪ್ರತಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಊರಿನಲ್ಲೇ ಉಳಿದಿರುವ ಭಿತ್ತಿಚಿತ್ರಗಳು ಅಸಾರ್ ಮಹಲಿನವು. ನ್ಯಾಯಸ್ಥಾನವಾಗಿ ಕಟ್ಟಿದ ಈ ಮಹಲಿಗೆ ಮುಂದೆ ಪ್ರವಾದಿಯವರದೆಂದು ನಂಬಲಾದ ಪವಿತ್ರ ಕೇಶಗಳು ಬಂದು ಸೇರಿದವು.

ಊರ ನಡುವಿನ ಬಾರಾ ಕಮಾನ್ ಎರಡನೆಯ ಅಲಿ ಆದಿಲ್‌ಷಾನ ಗೋರಿ. 1672ರಲ್ಲಿ ಆತ ತೀರಿಕೊಂಡಾಗ ಕಮಾನುಗಳಷ್ಟೇ ಎದ್ದಿದ್ದವು. ಮುಂದಿನ ಹದಿನಾಲ್ಕು ವರ್ಷಗಳಲ್ಲಿ ರಾಜ್ಯವೇ ಮುಗಿಯಿತು. ಪಡುವಣ ಕೋಟೆಯ ಬುರುಜಿನ ಮೇಲಿರುವ ಮುಲುಕ್ ಮೈದಾನ್ ತೋಪಿನದು ಇನ್ನೊಂದು ಬಗೆಯ ಕಥೆ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಈ ತೋಪಿನ ಬಾಯಿ ಆನೆಯನ್ನು ನುಂಗುತ್ತಿರುವ ಸಿಂಹದ ಆಕಾರದ್ದು. 1854ರಲ್ಲಿ ಕಂಪನಿ ಸರ್ಕಾರದ ಅಧಿಕಾರಿಗಳು ಇದನ್ನು ನಿರುಪಯುಕ್ತ ವಸ್ತುವೆಂದು ಹರಾಜಿಗಿಟ್ಟರು. ಬಂದ ಅತಿ ಹೆಚ್ಚಿನ ಕೂಗು 150 ರೂಪಾಯಿ! ಬೆಲೆ ತೀರಾ ಕಡಿಮೆಯೆಂದು ಮಾಮಲೇದಾರರು ಮೇಲಕ್ಕೆ ಬರೆದರು, ಮಾರಾಟ ರದ್ದಾಯಿತು.

ಹಾಗೆ ಉಳಿಯದೆ ಹೋಗಬಹುದಾಗಿದ್ದುದು ತೋಪೊಂದೇ ಅಲ್ಲ. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ಇಲ್ಲಿಗೆ ಬಂದಾಗ ಅರಮನೆಗಳು ಕಚೇರಿಗಳಾದವು. ಒಂದು ಮಸೀದಿಯಲ್ಲಿ ಅಂಚೆ ಕಚೇರಿ, ಮತ್ತೊಂದರಲ್ಲಿ ಪ್ರವಾಸಿ ಬಂಗಲೆ ನಡೆಯುತ್ತಿತ್ತು. ಅವುಗಳನ್ನು ತೆರವು ಮಾಡಿಸಿದವನು ವೈಸ್‌ರಾಯ್ ಲಾರ್ಡ್ ಕರ್ಜನ್.

ಇಷ್ಟನ್ನು ನೋಡಿದ ಮೇಲೆ ಜುಮ್ಮಾ ಮಸೀದಿಯ ಮೂಲಕ ಪೂರ್ವಕ್ಕೆ ನಡೆಯಬಹುದು. ಒಂದನೆಯ ಅಲಿಯ ಕಾಲದಲ್ಲಿ ಆರಂಭವಾದ ಈ ಮಸೀದಿಯ ಸರಳ ಕಮಾನುಗಳ ಸಾಲಿಗೆ, 1636ರಲ್ಲಿ ಮಹಮ್ಮದ್ ಆದಿಲ್‌ಷಾ ಚಿನ್ನದ ಲೇಪದ ಮಿಹ್ರಾಬ್ ಸೇರಿಸಿದ. ನೆಲದ ಮೇಲೆ ಪ್ರಾರ್ಥನೆಗಾಗಿ ಗುರುತಿಸಿದ 2,250 ಚೌಕಗಳು ನಗರವನ್ನು 1686ರಲ್ಲಿ ಗೆದ್ದ ಔರಂಗಜೇಬನ ಕೊಡುಗೆ ಎನ್ನುತ್ತಾರೆ.

ಈಗ ಗೋಲಗುಂಬಜ್. ಸುಮಾರು 41 ಮೀಟರ್ ಅಗಲದ ಚೌಕ ಸಭಾಂಗಣದ ಮೇಲೆ ಹೊರ ವ್ಯಾಸ 44 ಮೀಟರ್ ಇರುವ ಗುಮ್ಮಟವನ್ನು ನಡುವೆ ಒಂದೂ ಕಂಬವಿಲ್ಲದೆ ನಿಲ್ಲಿಸಿದ ಗುಟ್ಟು, ಒಂದನ್ನೊಂದು ಕತ್ತರಿಸುವ ಎಂಟು ಕಮಾನುಗಳಲ್ಲಿದೆ. ಅವು ಚೌಕವನ್ನು ವೃತ್ತಕ್ಕೆ ಹೊಂದಿಸಿ, ಭಾರವನ್ನು ಗೋಡೆಗಳಿಗೆ ದಾಟಿಸುತ್ತವೆ. ಮಹಮ್ಮದ್ ಆದಿಲ್‌ಷಾ 1656ರಲ್ಲಿ ತೀರಿಕೊಂಡು ಇಲ್ಲಿ ಮಣ್ಣಾದ. ರೋಜಾದ ಕುಸುರಿಯನ್ನು ಕಂಡ ಕಣ್ಣಿಗೆ ಇಲ್ಲಿನ ಬೋಳು ಗೋಡೆಗಳು ತಟ್ಟನೆ ಅರ್ಥವಾಗುತ್ತವೆ: ತಂದೆಯನ್ನು ಸೂಕ್ಷ್ಮದಲ್ಲಿ ಮೀರಲಾಗದೆಂದು ತಿಳಿದ ಮಗ ಗಾತ್ರವನ್ನು ಆರಿಸಿಕೊಂಡಂತಿದೆ. ಶಾಲಾ ಮಕ್ಕಳ ಗುಂಪುಗಳು ಬರುವ ಮುನ್ನ, ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಮೇಲೇರಿದರೆ ಪಿಸುಮಾತಿನ ಗ್ಯಾಲರಿಯಲ್ಲಿ ನಿಜವಾಗಿಯೂ ಪಿಸುಮಾತೇ ಕೇಳಿಸುತ್ತದೆ. ಮುಂಭಾಗದ ನಗಾರಖಾನೆಯಲ್ಲಿ 1892ರಲ್ಲಿ ಆರಂಭವಾದ ವಸ್ತುಸಂಗ್ರಹಾಲಯವಿದೆ. ಶುಕ್ರವಾರ ಅದಕ್ಕೆ ರಜೆ.

2014ರ ನವೆಂಬರ್ 1ರಂದು ಅಧಿಕೃತವಾಗಿ ಬಿಜಾಪುರ ಎಂಬ ಹೆಸರು ಬಿಟ್ಟ ಈ ನಗರ ಬೆಂಗಳೂರಿನಿಂದ ಸುಮಾರು 530 ಕಿ.ಮೀ., ಹುಬ್ಬಳ್ಳಿಯಿಂದ ಸುಮಾರು 200 ಕಿ.ಮೀ., ಸೊಲ್ಲಾಪುರದಿಂದ 100 ಕಿ.ಮೀ. ದೂರದಲ್ಲಿದ್ದು, ರೈಲು ಮತ್ತು ಬಸ್ ಸಂಪರ್ಕವಿದೆ. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಬಿಸಿಲು ಹಿತ. ಸಂಕ್ರಾಂತಿಯ ಸಮಯದಲ್ಲಿ ಸಿದ್ಧೇಶ್ವರ ಜಾತ್ರೆಯೂ ನಡೆಯುವುದರಿಂದ ವಸತಿಗೃಹವನ್ನು ಮೊದಲೇ ಕಾಯ್ದಿರಿಸಿಕೊಳ್ಳಬೇಕು. ಇಡೀ ಊರು ನೋಡಲು ಎರಡು ದಿನ ಬೇಕು. ಕೋಟೆಯೊಳಗಿನ ಸ್ಮಾರಕಗಳಿಗೆ ಟಾಂಗಾ ಸಾಕು. ತೊರವಿಗೆ ಹೋಗಲು ಆಟೊದವರೊಂದಿಗೆ ಮರಳುವ ಬಾಡಿಗೆಯನ್ನೂ ಸೇರಿಸಿ ಮಾತನಾಡಿಕೊಳ್ಳುವುದು ಕ್ಷೇಮ.