ಹಳಿ ದಾಟಿದ ತಪ್ಪು: ಚಿಕ್ಕಬಳ್ಳಾಪುರ ಸೀಮೆಯ ರೈಲುದಾರಿ, ಕಾಲುದಾರಿ ಮತ್ತು ಕಾನೂನು

ಅನುಮತಿಯಿಲ್ಲದೆ ರೈಲ್ವೆ ಜಾಗಕ್ಕೆ ಕಾಲಿಡುವುದು ಭಾರತದಲ್ಲಿ ಹತ್ತೊಂಬತ್ತನೇ ಶತಮಾನದಿಂದಲೂ ಶಿಕ್ಷಾರ್ಹ ಅಪರಾಧ. ಚಿಕ್ಕಬಳ್ಳಾಪುರ ಸೀಮೆಯಲ್ಲಿ ಈ ಅಪರಾಧ ಹುಟ್ಟಿದ್ದು ಹಳಿಗಳ ಜೊತೆಯಲ್ಲೇ. ಬೆಂಗಳೂರಿನಿಂದ ಗೌರಿಬಿದನೂರಿನ ಮೂಲಕ ಹಿಂದೂಪುರ, ಗುಂತಕಲ್ಲಿಗೆ ಹೋಗುವ ಮೀಟರ್‌ಗೇಜ್ ದಾರಿ 1890ರ ದಶಕದಲ್ಲಿ ತೆರೆಯಿತು. ಪೂರ್ವದ ತಾಲ್ಲೂಕುಗಳಿಗೆ ರೈಲು ಬಂದದ್ದು ಎರಡು ದಶಕ ತಡವಾಗಿ, ಎರಡೂವರೆ ಅಡಿ ಅಗಲದ ನ್ಯಾರೋಗೇಜ್ ರೂಪದಲ್ಲಿ. 1913ರಲ್ಲಿ ಬೌರಿಂಗ್‌ಪೇಟೆ–ಕೋಲಾರ, 1915ರಲ್ಲಿ ಯಲಹಂಕ–ಚಿಕ್ಕಬಳ್ಳಾಪುರ ದಾರಿಗಳು ಆರಂಭವಾದವು. ಆ ದಶಕದಲ್ಲೇ ಚಿಂತಾಮಣಿ, ಶಿಡ್ಲಘಟ್ಟಗಳ ಮೂಲಕ ಕೋಲಾರ ಮತ್ತು ಚಿಕ್ಕಬಳ್ಳಾಪುರ ಒಂದಕ್ಕೊಂದು ಸೇರಿದವು.

ಹಳಿ ಹಾಕಿದ ನೆಲ ಬರಿದಾಗಿರಲಿಲ್ಲ. ಊರಿಂದ ಕೆರೆಗೆ, ಕೆರೆಯಿಂದ ಹೊಲಕ್ಕೆ, ಹೊಲದಿಂದ ಸಂತೆಗೆ ಅಲ್ಲೆಲ್ಲ ಕಾಲುದಾರಿ, ಬಂಡಿದಾರಿಗಳು ಹಾಸಿಕೊಂಡಿದ್ದವು. ಒಬ್ಬನೇ ರೈತನ ಜಮೀನು ಹಳಿಯ ಆಚೆಗೂ ಈಚೆಗೂ ಹಂಚಿಹೋದದ್ದುಂಟು. 1890ರ ಭಾರತೀಯ ರೈಲ್ವೆ ಕಾಯಿದೆ ಈ ತೊಡಕನ್ನು ಗಮನಿಸಿತ್ತು. ಅದರ 11ನೇ ಕಲಂ, ಅಕ್ಕಪಕ್ಕದ ಜಮೀನಿನವರಿಗಾಗಿ ದಾಟುದಾರಿ, ಗೇಟು, ಸೇತುವೆ, ಮೋರಿಗಳನ್ನು ರೈಲ್ವೆಯೇ ಕಟ್ಟಿಕೊಡಬೇಕೆಂದು ಹೇಳಿತು. ಆದರೆ ಅದೇ ಕಲಂ ಒಂದು ಗಡುವನ್ನೂ ಹಾಕಿತು. ಬೇರೆ ಅವಧಿ ಗೊತ್ತುಮಾಡಿರದಿದ್ದರೆ, ದಾರಿ ತೆರೆದು ಹತ್ತು ವರ್ಷವಾದ ಮೇಲೆ ಹೆಚ್ಚಿನ ದಾಟುದಾರಿಗೆ ರೈಲ್ವೆ ತನ್ನ ದುಡ್ಡು ಹಾಕಬೇಕಾಗಿರಲಿಲ್ಲ. ಆಮೇಲೆ ಬೇಕೆಂದವರು ತಾವೇ ವೆಚ್ಚ ಭರಿಸಬೇಕು. ಊರು ಬೆಳೆಯುವುದು, ಜಮೀನು ಮಕ್ಕಳಲ್ಲಿ ಪಾಲಾಗುವುದು ಹತ್ತು ವರ್ಷಕ್ಕೆ ಮುಗಿಯುವ ಸಂಗತಿಗಳಲ್ಲ. ಕಾನೂನಿನ ದೊಡ್ಡ ಕೊರತೆ ಇದೇ. ಈ ಗಡುವನ್ನು ಮರೆತು ಹಳಿ ದಾಟುವವರ ಅಜಾಗರೂಕತೆಯನ್ನಷ್ಟೇ ದೂರುವುದು ನ್ಯಾಯವಲ್ಲ.

ಶಿಕ್ಷೆಯ ಭಾಗ 122ನೇ ಕಲಂನಲ್ಲಿತ್ತು. ಅಕ್ರಮವಾಗಿ ಹಳಿಯ ಜಾಗಕ್ಕೆ ಹೋದವನಿಗೆ 20 ರೂಪಾಯಿಯವರೆಗೆ ದಂಡ. ರೈಲ್ವೆ ನೌಕರ ಹೊರಗೆ ಹೋಗೆಂದರೂ ಹೋಗದವನಿಗೆ 50 ರೂಪಾಯಿಯವರೆಗೆ ದಂಡ ಹಾಕಿ, ಅವನನ್ನು ಹೊರಗೆ ಕಳಿಸಲೂ ಅವಕಾಶವಿತ್ತು. ಕೂಲಿಯವರ ಪಾಲಿಗೆ ಆ ಕಾಲದ 20 ರೂಪಾಯಿ ಬಹಳ ದೊಡ್ಡ ಮೊತ್ತ. ದನಕರುಗಳಿಗೂ ಪ್ರತ್ಯೇಕ ಕಲಂ ಇತ್ತು. ಬೇಲಿಯಿರುವ ಹಳಿಯೊಳಗೆ ದನ ನುಗ್ಗಿದರೆ ಒಡೆಯನಿಗೆ ತಲೆಗೆ 5 ರೂಪಾಯಿವರೆಗೆ, ಬೇಕೆಂದೇ ಹೊಡೆದುಕೊಂಡು ಹೋದರೆ 10 ರೂಪಾಯಿವರೆಗೆ ದಂಡ. ದನವನ್ನು ದೊಡ್ಡಿಗೆ ಕಟ್ಟಿದ್ದರೆ ಅಲ್ಲಿನ ಖರ್ಚು ಬೇರೆ. ಬಯಲುಸೀಮೆಯ ಕುರಿಗಾಹಿಗಳಿಗೂ ದನಗಾಹಿಗಳಿಗೂ ಈ ಕಲಂ ಮನುಷ್ಯರ ಕಲಂಗಿಂತ ಹತ್ತಿರದ್ದು.

ನ್ಯಾರೋಗೇಜ್ ಕಾಲದಲ್ಲಿ ರೈಲು ನಿಧಾನ, ದಿನಕ್ಕೆ ಬರುವುದೂ ಕೆಲವೇ. ಉಗಿ ಎಂಜಿನ್ನಿನ ಹೊಗೆ ದೂರದಿಂದಲೇ ಕಾಣುತ್ತಿತ್ತು, ಕೂಗು ಕೇಳಿಸುತ್ತಿತ್ತು. ಕಾನೂನು ಪುಸ್ತಕದಲ್ಲಿದ್ದರೂ ಹಳಿಯ ಪಕ್ಕದ ಏರಿ ಊರಿನವರ ನಡೆದಾರಿಯಾಗಿಯೇ ಉಳಿಯಿತು. 1951ರಲ್ಲಿ ಮೈಸೂರು ರಾಜ್ಯದ ರೈಲ್ವೆ ದಕ್ಷಿಣ ರೈಲ್ವೆಯಲ್ಲಿ ವಿಲೀನವಾಯಿತು. ಒಡೆತನ ಬದಲಾದರೂ ನಡೆಯುವವರ ಅಭ್ಯಾಸ ಬದಲಾಗಲಿಲ್ಲ.

ದೊಡ್ಡ ಬದಲಾವಣೆ ಬಂದದ್ದು ಹಳಿಯ ಅಗಲದಲ್ಲಿ. ಗೌರಿಬಿದನೂರಿನ ದಾರಿ ಮೊದಲೇ ಬ್ರಾಡ್‌ಗೇಜ್ ಆಗಿತ್ತು. ಯಲಹಂಕ–ಚಿಕ್ಕಬಳ್ಳಾಪುರ 1990ರ ದಶಕದಲ್ಲಿ ಐದೂವರೆ ಅಡಿಯ ದಾರಿಯಾಯಿತು, ಶಿಡ್ಲಘಟ್ಟ, ಚಿಂತಾಮಣಿಗಳ ದಾರಿಯ ಪರಿವರ್ತನೆ 2013ರಲ್ಲಿ ಮುಗಿಯಿತು. ಕೆಲಸ ನಡೆದ ವರ್ಷಗಳಲ್ಲಿ ರೈಲೇ ಓಡದ ಪಟ್ಟಿಯ ಮೇಲೆ ನಡೆದು ರೂಢಿಯಾದವರ ಎದುರಿಗೆ ಒಮ್ಮೆಲೇ ವೇಗದ ರೈಲು ಬಂತು. ಆಮೇಲೆ ವಿದ್ಯುತ್ ಎಂಜಿನ್ನುಗಳು ಬಂದವು. ಅವುಗಳಿಗೆ ಹೊಗೆಯಿಲ್ಲ, ಸದ್ದೂ ಕಡಿಮೆ.

ಅಷ್ಟರಲ್ಲಿ ಕಾಯಿದೆಯೂ ಹೊಸದಾಗಿತ್ತು. 1989ರ ರೈಲ್ವೆ ಕಾಯಿದೆ 1990ರ ಜುಲೈ 1ರಂದು ಜಾರಿಗೆ ಬಂತು. ಅದರ 147ನೇ ಕಲಂ ಪ್ರಕಾರ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಜೈಲು, ಅಥವಾ 1,000 ರೂಪಾಯಿಯವರೆಗೆ ದಂಡ, ಅಥವಾ ಎರಡೂ. ತೀರ್ಪಿನಲ್ಲಿ ವಿಶೇಷ ಕಾರಣ ಬರೆಯದಿದ್ದರೆ ದಂಡ 500 ರೂಪಾಯಿಗಿಂತ ಕಡಿಮೆಯಾಗುವಂತಿಲ್ಲ. 2003ರ ತಿದ್ದುಪಡಿ ಇಂಥವರನ್ನು ವಾರಂಟಿಲ್ಲದೆ ಹಿಡಿಯುವ, ವಿಚಾರಣೆ ನಡೆಸಿ ದೂರು ಸಲ್ಲಿಸುವ ಅಧಿಕಾರವನ್ನು ರೈಲ್ವೆ ರಕ್ಷಣಾ ದಳಕ್ಕೆ ಕೊಟ್ಟಿತು. ಇದು ಜಾಮೀನು ಸಿಗುವ ಅಪರಾಧ. ಸಿಕ್ಕಿಬಿದ್ದವರು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಮುಂದೆ ತಪ್ಪೊಪ್ಪಿಕೊಂಡು ದಂಡ ಕಟ್ಟಬಹುದು, ಒಪ್ಪದಿದ್ದರೆ ವಾದಿಸಬಹುದು. ದಾಟಿದ ಜಾಗ ಹಿಂದಿನಿಂದ ಬಂದ ದಾಟುದಾರಿಯೇ ಎಂದು ತೋರಿಸಬಲ್ಲವರಿಗೆ ವಾದಿಸುವುದರಲ್ಲಿ ಅರ್ಥವಿದೆ. ಹಳಿಯ ಮೇಲೆ ಯಾರಾದರೂ ಸತ್ತರೆ ತನಿಖೆ ನಡೆಸುವವರು ಬೇರೆ, ರಾಜ್ಯದ ರೈಲ್ವೆ ಪೊಲೀಸರು.

ಸಾವಿನ ಲೆಕ್ಕ ದಂಡದ ಲೆಕ್ಕಕ್ಕಿಂತ ಭಾರವಾದದ್ದು. ದೇಶದಲ್ಲಿ ಹೀಗೆ ಹಳಿಯ ಮೇಲೆ ವರ್ಷಕ್ಕೆ ಸುಮಾರು 15,000 ಜನ ಸಾಯುತ್ತಾರೆಂದು ರೈಲ್ವೆ ಸುರಕ್ಷತೆಯನ್ನು ಪರಿಶೀಲಿಸಿದ ಅನಿಲ್ ಕಾಕೋಡ್ಕರ್ ಸಮಿತಿ 2012ರಲ್ಲಿ ವರದಿ ಮಾಡಿತು. ಕಾಯಿದೆಯ 124ಎ ಕಲಂನ ಪರಿಹಾರ ಪ್ರಯಾಣಿಕರಿಗೆ ಮೀಸಲು. ಹೊಲದಿಂದ ಮನೆಗೆ ಹೋಗುತ್ತಾ ಹಳಿ ದಾಟಿದವರು ಆ ವ್ಯಾಖ್ಯೆಯೊಳಗೆ ಬರುವುದಿಲ್ಲ.

ಬ್ರಾಡ್‌ಗೇಜ್ ದಾರಿಗಳಲ್ಲಿದ್ದ ಕಾವಲಿಲ್ಲದ ಗೇಟುಗಳನ್ನು 2019ರ ಜನವರಿಯೊಳಗೆ ದೇಶದೆಲ್ಲೆಡೆ ತೆಗೆಯಲಾಯಿತು. ಕೆಲವೆಡೆ ಗೇಟ್‌ಮನ್ ಬಂದರು, ಹಲವೆಡೆ ಕೆಳಸೇತುವೆಗಳಾದವು, ಕೆಲವು ಗೇಟುಗಳು ಮುಚ್ಚಿಯೇ ಹೋದವು. ಜೀವ ಉಳಿಸಿದ ಕೆಲಸವಿದು. ಆದರೆ ಮಳೆಗಾಲದಲ್ಲಿ ನೀರು ನಿಲ್ಲುವ ಕೆಳಸೇತುವೆ ಇದ್ದೂ ಇಲ್ಲದಂತೆ. ಆಗ ಜನ ಮತ್ತೆ ಹಳಿ ಹತ್ತುತ್ತಾರೆ, 147ನೇ ಕಲಂ ಅಡಿ ತಪ್ಪಿತಸ್ಥರೂ ಆಗುತ್ತಾರೆ. ಹತ್ತು ವರ್ಷದ ಗಡುವು ಹೊಸ ಕಾಯಿದೆಯ 16ನೇ ಕಲಂನಲ್ಲೂ ಉಳಿದಿದೆ. ಹೆಚ್ಚಿನ ದಾಟುದಾರಿ ಬೇಕಾದರೆ ಜಮೀನಿನವರೋ ರಾಜ್ಯ ಸರ್ಕಾರವೋ ಸ್ಥಳೀಯ ಸಂಸ್ಥೆಯೋ ವೆಚ್ಚ ಹೊತ್ತು 17ನೇ ಕಲಂನಂತೆ ಕೇಳಬೇಕು.