ಮುನಿರಾಬಾದ್

ಕೊಪ್ಪಳ ಜಿಲ್ಲೆಯಲ್ಲಿ ತುಂಗಭದ್ರಾ ಜಲಾಶಯದ ಎಡದಂಡೆಯ ಮೇಲಿರುವ ಊರು. ಅಣೆಕಟ್ಟಿನ ಕೆಲಸಕ್ಕಾಗಿ ಬೆಳೆದ ನೀರಾವರಿ ವಸಾಹತು ಇದು. ಪಕ್ಕದ ಹುಲಿಗಿಯ ಹುಲಿಗೆಮ್ಮ ದೇವಸ್ಥಾನಕ್ಕೆ ಹುಣ್ಣಿಮೆಯಂದು ದೂರದೂರದ ಭಕ್ತರು ಬರುತ್ತಾರೆ. ನದಿಯಾಚೆ ಹೊಸಪೇಟೆ ಕಡೆಯ ಟಿ.ಬಿ. ಡ್ಯಾಂ ಇದರ ಜೋಡಿ ಊರು. ಬಹುತೇಕ ಬರಹಗಳು ಅಣೆಕಟ್ಟಿನ ಕಥೆಯನ್ನು ಬಲದಂಡೆಯಿಂದಲೇ ಹೇಳುವುದರಿಂದ ಮುನಿರಾಬಾದಿನ ಇತಿಹಾಸ ಅಡಿಟಿಪ್ಪಣಿಯಾಗಿ ಉಳಿದಿದೆ. ಸಿಂಧನೂರು, ಮಾನ್ವಿ, ರಾಯಚೂರು ಸೀಮೆಯ ಬದುಕನ್ನು ಬದಲಿಸಿದ ಕಾಲುವೆ ಹೊರಡುವುದು ಇಲ್ಲಿಂದ ಎಂಬುದನ್ನು ನೆನೆದರೆ ಇದು ಸಣ್ಣ ಕೊರತೆಯಲ್ಲ.

ಹಿನ್ನೆಲೆ

ನಿಜಾಮರ ಆಳ್ವಿಕೆಯಲ್ಲಿ ಕೊಪ್ಪಳವು ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ತುಂಗಭದ್ರೆಗೆ ಅಣೆ ಕಟ್ಟುವ ಯೋಚನೆಯನ್ನು 1860ರಲ್ಲಿ ಸರ್ ಆರ್ಥರ್ ಕಾಟನ್ ಮುಂದಿಟ್ಟರು. 1876–78ರ ಬರ ಅದರ ಅಗತ್ಯವನ್ನು ಸಾರಿದರೂ ಮದ್ರಾಸ್ ಮತ್ತು ಹೈದರಾಬಾದ್ ಸರ್ಕಾರಗಳು ಒಪ್ಪಂದಕ್ಕೆ ಬಂದದ್ದು 1944ರಲ್ಲಿ.

ಕಟ್ಟಿದ ವರ್ಷದ ಗೊಂದಲ

ಅಣೆಕಟ್ಟಿನ ಕಾಲವನ್ನು ಒಂದೊಂದು ಪುಸ್ತಕ ಒಂದೊಂದು ಬಗೆಯಲ್ಲಿ ಹೇಳುತ್ತದೆ. ಇದಕ್ಕೆ ಕಾರಣ ಎರಡು ಸರ್ಕಾರಗಳು ಎರಡು ದಡಗಳಿಂದ ಕೆಲಸ ಹಿಡಿದದ್ದು. 1945ರ ಫೆಬ್ರುವರಿ 28ರಂದು ಎಡದಂಡೆಯಲ್ಲಿ ಹೈದರಾಬಾದ್ ಕಡೆಯಿಂದ ಬೇರಾರ್‌ನ ಯುವರಾಜರೂ ಬಲದಂಡೆಯಲ್ಲಿ ಮದ್ರಾಸ್ ಗವರ್ನರ್ ಸರ್ ಆರ್ಥರ್ ಹೋಪ್ ಅವರೂ ಅಡಿಗಲ್ಲಿಟ್ಟರು. ಹೈದರಾಬಾದ್ ಸಂಸ್ಥಾನವು 1948ರ ಸೆಪ್ಟೆಂಬರ್‌ನಲ್ಲಿ ಭಾರತಕ್ಕೆ ಸೇರಿತು. ಕಾಮಗಾರಿ ಭರದಿಂದ ಸಾಗಿದ್ದು 1949ರಿಂದ ಈಚೆಗೆ. 1953ರ ಜುಲೈ 1ರಂದು ಕಾಲುವೆಗೆ ಮೊದಲ ನೀರು ಬಿಡಲಾಯಿತು. ಹೀಗಾಗಿ 1945, 1949, 1953 ಈ ಮೂರು ವರ್ಷಗಳಿಗೂ ಆಧಾರವಿದೆ. ಒಂದು ಆರಂಭದ್ದು, ಇನ್ನೊಂದು ನಿರ್ಮಾಣದ್ದು, ಮತ್ತೊಂದು ಬಳಕೆಯದು.

ಕಟ್ಟಡ ಕಲ್ಲಿನದು. ಸುಟ್ಟ ಜೇಡಿಮಣ್ಣನ್ನು ಪುಡಿ ಮಾಡಿ ಸುಣ್ಣದೊಡನೆ ಕಲಸಿದ ಸುರ್ಕಿ ಗಾರೆಯನ್ನು ಇದಕ್ಕೆ ಬಳಸಲಾಗಿದೆ. ಮದ್ರಾಸ್ ಕಡೆಯ ಮುಖ್ಯ ಎಂಜಿನಿಯರ್ ತಿರುಮಲೆ ಅಯ್ಯಂಗಾರ್ ಅವರ ಹೆಸರು ಜನಜನಿತ. ಎಡದಂಡೆಯಲ್ಲಿ ದುಡಿದವರ ಹೆಸರುಗಳಿಗೆ ಅಷ್ಟು ಪ್ರಚಾರ ಸಿಕ್ಕಿಲ್ಲ.

ಆಡಳಿತ

1953ರ ಅಕ್ಟೋಬರ್ 1ರಂದು ಬಳ್ಳಾರಿ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದಾಗ ಮುನಿರಾಬಾದ್ ಹೈದರಾಬಾದ್ ರಾಜ್ಯದಲ್ಲೇ ಉಳಿಯಿತು. ಒಂದೇ ಕೆರೆಯಂತಹ ನೀರಿನ ಎರಡು ದಡಗಳು ಇನ್ನೂ ಮೂರು ವರ್ಷ ಎರಡು ರಾಜ್ಯಗಳಲ್ಲೇ ಉಳಿದವು. 1956ರ ನವೆಂಬರ್ 1ರ ಏಕೀಕರಣದಲ್ಲಿ ಅವು ಒಂದಾದವು. ರಾಯಚೂರು ಜಿಲ್ಲೆಯಲ್ಲಿದ್ದ ಊರು 1997ರಲ್ಲಿ ಹೊಸ ಕೊಪ್ಪಳ ಜಿಲ್ಲೆಗೆ ಸೇರಿತು. ಬಲದಂಡೆಯನ್ನು ಅಂತರರಾಜ್ಯ ತುಂಗಭದ್ರಾ ಮಂಡಳಿ ನೋಡಿಕೊಂಡರೆ ಎಡದಂಡೆ ಕಾಲುವೆ ಕರ್ನಾಟಕದ ನೀರಾವರಿ ಇಲಾಖೆಯ ಕೈಯಲ್ಲಿದೆ. ಎಡದಂಡೆ ವಿದ್ಯುದಾಗಾರ 1962ರಲ್ಲಿ ಆರಂಭವಾಯಿತು. ಈಗ ಅದರ ಸಾಮರ್ಥ್ಯ 28 ಮೆಗಾವಾಟ್.

ಕಾಲುವೆ ಮತ್ತು ನೀರಿನ ಪಾಲು

ಸುಮಾರು 227 ಕಿ.ಮೀ. ಉದ್ದದ ಎಡದಂಡೆ ಮುಖ್ಯ ಕಾಲುವೆ ಬರಪೀಡಿತ ನೆಲಕ್ಕೆ ತೆಳುವಾಗಿ, ವಿಶಾಲವಾಗಿ ನೀರು ಹಂಚಲು ರೂಪುಗೊಂಡದ್ದು. ಜೋಳ, ಹತ್ತಿಯಂಥ ಅರೆನೀರಾವರಿ ಬೆಳೆಗಳಿಗೆ ಹೆಚ್ಚು ಎಕರೆ, ಭತ್ತಕ್ಕೆ ಕಡಿಮೆ ಎಂಬುದು ಲೆಕ್ಕ. ಆದರೆ ಕರಾವಳಿ ಆಂಧ್ರದ ರೈತರು ಬಂದು ಜಮೀನು ಕೊಂಡು ‘ಕ್ಯಾಂಪ್’ಗಳನ್ನು ಕಟ್ಟಿಕೊಂಡರು. ಗಂಗಾವತಿಯಿಂದ ಸಿಂಧನೂರಿನವರೆಗೆ ಭತ್ತ ಹಬ್ಬಿತು. ಸ್ಥಳೀಯ ರೈತರೂ ಅದೇ ದಾರಿ ಹಿಡಿದರು. ಮೇಲ್ಭಾಗದ ಗದ್ದೆಗಳು ನೀರು ಹೀರಿಕೊಂಡಷ್ಟೂ ಕೊನೆಭಾಗದ ತೂಬುಗಳು ಒಣಗಿದವು. ಇದನ್ನು ಅಕ್ರಮ ನೀರಾವರಿಯ ಫಲವೆಂದಷ್ಟೇ ನೋಡುವವರಿದ್ದಾರೆ. ಆದರೆ ಹಳ್ಳಿಯ ಬಲಾಬಲ, ರಾಜಕಾರಣ, ಅಧಿಕಾರಿಗಳ ಹೊಂದಾಣಿಕೆ ಇವೆಲ್ಲ ಸೇರಿ ಹಂಚಿಕೆ ನಿರ್ಧಾರವಾಗುತ್ತದೆಂದು ಡಚ್ ಸಂಶೋಧಕ ಪೀಟರ್ ಮೊಲಿಂಗಾ 1990ರ ದಶಕದ ಕ್ಷೇತ್ರಕಾರ್ಯದಿಂದ ವಿವರವಾಗಿ ತೋರಿಸಿದರು.

ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರದ (ಕಾಡಾ) ಕಚೇರಿ ಮುನಿರಾಬಾದಿನಲ್ಲಿದೆ. ಕಾಲುವೆಗೆ ಯಾವಾಗ ನೀರು, ಬೇಸಿಗೆ ಬೆಳೆಗೆ ಉಂಟೋ ಇಲ್ಲವೋ ಎಂಬುದನ್ನು ನಿರ್ಣಯಿಸುವ ನೀರಾವರಿ ಸಲಹಾ ಸಮಿತಿ ಇಲ್ಲಿ ಅನೇಕ ಬಾರಿ ಸೇರಿದೆ. ಸಿಂಧನೂರಿನ ರೈತ ಸಸಿಮಡಿ ಹಾಕುವ ದಿನ ನಿಂತಿರುವುದು ಆ ತೀರ್ಮಾನದ ಮೇಲೆ.

ಹೂಳು ಮತ್ತು ಅಳತೆ

ನಿರ್ಮಾಣಕಾಲದಲ್ಲಿ ಸುಮಾರು 133 ಟಿಎಂಸಿ ಅಡಿ ಇದ್ದ ಸಂಗ್ರಹ ಸಾಮರ್ಥ್ಯ 2008ರ ಸಮೀಕ್ಷೆಯಲ್ಲಿ 100.85ಕ್ಕೆ ಇಳಿದಿತ್ತು, 2016ರ ಸಮೀಕ್ಷೆ 105.78 ಎಂದಿತು. ಹೂಳು ತಾನಾಗಿ ಕರಗುವುದಿಲ್ಲವಾದ್ದರಿಂದ ಎಂಟು ವರ್ಷಗಳ ಈ ಏರಿಕೆಯನ್ನು ನೀರಿನ ಗಳಿಕೆಯೆಂದು ಓದಲಾಗದು, ಅಳತೆಗಳ ನಡುವಿನ ವ್ಯತ್ಯಾಸವೆಂದೇ ಓದಬೇಕು. ಎರಡರಲ್ಲಿ ಯಾವುದನ್ನು ಹಿಡಿದರೂ ಐದನೇ ಒಂದು ಭಾಗಕ್ಕಿಂತ ಹೆಚ್ಚು ಸಾಮರ್ಥ್ಯ ತೀರಿದೆಯೆಂದು ಒಪ್ಪಲೇಬೇಕು. ನಷ್ಟ ತುಂಬಲು ಕನಕಗಿರಿ ತಾಲ್ಲೂಕಿನ ನವಲಿ ಬಳಿ ಸಮತೋಲನ ಜಲಾಶಯದ ಪ್ರಸ್ತಾವವಿದೆ.

ಇತ್ತೀಚಿನ ಘಟನೆಗಳು

2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್‌ಗೇಟ್‌ನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಜಲಾಶಯ ತುಂಬಿ ನಿಂತಿತ್ತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು ನೀರನ್ನು ನದಿಗೆ ಬಿಡಬೇಕಾಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಪಟ್ಟಿಗಳನ್ನು ಒಂದೊಂದಾಗಿ ಇಳಿಸಿ ಒಂದು ವಾರದೊಳಗೆ ಕಿಂಡಿ ಮುಚ್ಚಲಾಯಿತು. ಬಳಿಕ ಎಲ್ಲ 33 ಗೇಟುಗಳ ಬದಲಾವಣೆ ಅನಿವಾರ್ಯವೆಂದು ತೀರ್ಮಾನವಾಯಿತು; 2025ರ ಮಳೆಗಾಲದಲ್ಲಿ ಸಂಗ್ರಹವನ್ನು 80 ಟಿಎಂಸಿ ಅಡಿಗೆ ಮಿತಿಗೊಳಿಸಲಾಯಿತು. ಎಪ್ಪತ್ತು ವರ್ಷ ಹಳೆಯ ಗೇಟುಗಳ ನಿರ್ವಹಣೆ ಅಚ್ಚುಕಟ್ಟಿನ ಪ್ರತಿ ಎಕರೆಯ ಪ್ರಶ್ನೆ ಎಂಬುದನ್ನು ಈ ಘಟನೆ ಎತ್ತಿ ತೋರಿತು.